ಜವರಪ್ಪನ ಅಂಗಡಿ ಎದುರಿನ ಬೆಳಕು

ನಮ್ಮೂರಿನ ಮದುವೆ ಮನೆಗಳಲ್ಲಿ ದೀಪಕ್ಕೆ ಅಂತ ಯಾರೂ ಒದ್ದಾಡುವುದಿಲ್ಲ. ಹುಡುಗಿಯನ್ನು ತಂದು ಹಸೆಮಣೆಯ ಮೇಲೆ ಕೂರಿಸಿ, ಅತ್ತಿಗೆಯರು ಕಿವಿಯಲ್ಲಿ ಏನಾದರೂ ಪಿಸುಗುಟ್ಟಿದರೆ ಸಾಕು, ಅವಳ ಕೆನ್ನೆ, ಕತ್ತು, ಬಳೆ ತೊಟ್ಟ ಕೈ ಎಲ್ಲಾ ಬೆಳಗತೊಡಗಿ ಚಪ್ಪರದ ತುದಿಯಲ್ಲಿ ಊಟಕ್ಕೆ ಕೂತವರಿಗೂ ಎಲೆಯ ಮೇಲಿನ ಉಪ್ಪು ಕಾಣುತ್ತದೆ. ಆದರೆ ಅದು ಹುಡುಗಾಟದ ನಾಚಿಕೆ, ಪಾಯಸ ಬಡಿಸುವ ಹೊತ್ತಿಗೆ ಆರಿಹೋಗುತ್ತದೆ. ನಿಜವಾಗಿ ತಲೆ ತಗ್ಗಿಸಬೇಕಾಗಿ ಬಂದವರ ಬೆಳಕೇ ಬೇರೆ. ಅದು ಹಳದಿಯಾಗಿ, ಒಂದೇ ಸಮನಾಗಿ, ಎಂಥ ಗಾಳಿಗೂ ಅಲುಗದೆ ಉರಿಯುತ್ತದೆ.

ನಾವೆಲ್ಲ ಇದಕ್ಕೆ ಹೊಂದಿಕೊಂಡು ಬದುಕುತ್ತಿದ್ದೇವೆ. ಪರೀಕ್ಷೆಯಲ್ಲಿ ಫೇಲಾದ ಮಕ್ಕಳು ಕಂಬಳಿ ಹೊದ್ದು ಮನೆಗೆ ಬರುತ್ತವೆ. ಕದ್ದ ಕೋಳಿಯನ್ನು ಸಾರು ಮಾಡಿದ ಮನೆ ಕಿಟಕಿಯಿಂದಲೇ ಗೊತ್ತಾಗುತ್ತದೆ. ನಾನು ದರ್ಜಿ, ಹೆಸರು ರಾಚಪ್ಪ. ಕತ್ತು ಮುಚ್ಚುವ, ಬೆರಳ ತನಕ ತೋಳು ಬರುವ ಅಂಗಿ ಹೊಲಿಸಲು ಬಂದವರನ್ನು ಯಾಕೆ ಅಂತ ನಾನು ಯಾವತ್ತೂ ಕೇಳಿದವನಲ್ಲ. ಊರಲ್ಲಿ ಪುರಸಭೆಯ ಸಭಾಂಗಣ ಒಂದರಲ್ಲಿ ಮಾತ್ರ ಮಟಮಟ ಮಧ್ಯಾಹ್ನವೂ ಕಗ್ಗತ್ತಲು, ಅಲ್ಲಿನ ಸದಸ್ಯರು ಲಾಟೀನು ಹಚ್ಚಿಟ್ಟುಕೊಂಡು ಸಭೆ ನಡೆಸುತ್ತಾರೆ. ನಮ್ಮ ಕೆಳಬೀದಿಗೆ ಕಂಬ ನೆಡಿಸಿ, ತಂತಿ ಎಳೆಸುವುದನ್ನು ಮರೆತವರೂ ಅವರೇ. ಆ ಕಂಬಗಳಿಗೆ ನಾವು ಈಗಲೂ ಎಮ್ಮೆ ಕಟ್ಟುತ್ತೇವೆ.

ಕೆಳಬೀದಿಗೆ ಬೆಳಕು ತಂದದ್ದು ಜವರಪ್ಪನ ಬ್ರಾಂದಿ ಅಂಗಡಿ. ಅವನು ಅಂಗಡಿ ತೆಗೆದ ದಿನ ನಮ್ಮ ಹೆಂಗಸರು ಸುಮ್ಮನೆ ಕೂತಿರಲಿಲ್ಲ. ಸೆರಗು ಸಿಕ್ಕಿಸಿ, ಪೊರಕೆ ಹಿಡಿದು, ಸಂಜೆ ಹೊತ್ತು ಗುಂಪಾಗಿ ಹೋದರು. ಒಳಗೆ ಕೂತು ಕುಡಿಯುವ ಜಾಗವೇನೂ ಅಲ್ಲಿರಲಿಲ್ಲ. ಬೀದಿಗೆ ಮುಖ ಮಾಡಿದ ಒಂದು ಕಬ್ಬಿಣದ ಜಾಲರಿ, ಅದರಲ್ಲಿ ಕೈ ತೂರುವಷ್ಟು ಕಿಂಡಿ, ಅಷ್ಟೇ. ಆ ಕಿಂಡಿಯ ಮುಂದೆ ಗೋಡೆಗೊರಗಿ ಸಾಲಾಗಿ ನಿಂತಿದ್ದ ಗಂಡಸರು ತಂತಮ್ಮ ಹೆಂಡಿರನ್ನು ಕಂಡಿದ್ದೇ ತಡ, ಎಲ್ಲರೂ ಒಟ್ಟಿಗೆ ಬೆಳಗಿಬಿಟ್ಟರು. ಬೀದಿ ಹುಟ್ಟಿದ ಮೇಲೆ ಅಂಥ ಬೆಳಕು ಕಂಡಿರಲಿಲ್ಲ. ಎದುರು ಜಗಲಿಯ ಗಾರೆಯಲ್ಲಿ ಬಿಟ್ಟ ಬಿರುಕು ಕೂಡ ಕಾಣುತ್ತಿತ್ತು. ಹೂ ಕಟ್ಟುವವರಲ್ಲಿ ಹಿರಿಯಳಾದ ಅಂಕಮ್ಮ ಎತ್ತಿದ್ದ ಪೊರಕೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ತಡೀರಿ ಕಣ್ರವ್ವ. ಬೈಯೋದು ಆಮೇಕೆ ಇದ್ದೇ ಅದೆ. ಮೊದ್ಲು ಹೋಗಿ ಮೊಗ್ಗಿನ ಮಂಕ್ರಿ ಹೊತ್ಕಂಡು ಬತ್ತೀನಿ" ಅಂದಳು.

ಕೆಳಬೀದಿಯ ಹೆಂಗಸರಿಗೆ ಹೂ ಕಟ್ಟುವುದೇ ಬದುಕು. ಮೊಗ್ಗು ತೋಟದಿಂದ ಬರುವುದು ಇಳಿಹೊತ್ತಿಗೆ. ಅದು ಬಿರಿಯುವ ಮೊದಲು, ಅಂದರೆ ಕತ್ತಲಾದ ಒಂದೆರಡು ತಾಸಿನೊಳಗೇ ಕಟ್ಟಿ ಮುಗಿಸಬೇಕು, ಬಿರಿದ ಹೂವನ್ನು ಬೆಳಗ್ಗೆ ಯಾರೂ ಕೊಳ್ಳುವುದಿಲ್ಲ. ಎಣ್ಣೆ ದೀಪ ಹತ್ತಿರ ಇಟ್ಟರೆ ಕಾವಿಗೆ ಮೊಗ್ಗು ಬೇಗ ಬಾಯಿ ಬಿಡುತ್ತದೆ. ಬುಡ್ಡಿ ಹಚ್ಚಿದರೆ ಸೀಮೆಎಣ್ಣೆಯ ವಾಸನೆ ಹತ್ತಿದ ಮಲ್ಲಿಗೆಯನ್ನು ಗಿರಾಕಿ ಮೂಸಿ ನೋಡಿ ಬುಟ್ಟಿಗೇ ಎಸೆಯುತ್ತಾನೆ. ಅವಮಾನದ ಬೆಳಕಿಗೆ ಕಾವೂ ಇಲ್ಲ, ವಾಸನೆಯೂ ಇಲ್ಲ. ಅವತ್ತಿನಿಂದ ಹೂವಿನವರು ಅಂಗಡಿಯ ಎದುರು ಜಗಲಿಗೆ ಬಂದು ಕೂತರು. ಅವರ ಹಿಂದೆ ನಾನು ಹೊಲಿಗೆ ಯಂತ್ರ ತಂದಿಟ್ಟೆ. ಮಕ್ಕಳು ಮಗ್ಗಿ ಬಾಯಿಪಾಠ ಮಾಡಲು ಬಂದವು. ಕಾಂಪೌಂಡರು ಮುಳ್ಳು ತೆಗೆಯುವ ಚಿಮಟ ಹಿಡಿದು ಬಂದ. ಅಕ್ಕಿ ಗಿರಣಿಯಿಂದ ಕತ್ತಲಲ್ಲಿ ಹೆದರಿಕೊಂಡು ಬರುತ್ತಿದ್ದ ಹೆಣ್ಣುಮಕ್ಕಳು ಧೈರ್ಯವಾಗಿ ಬರತೊಡಗಿದರು.

ಜವರಪ್ಪ ಒಳ್ಳೆಯವನೇ. ಅಂಗಡಿಗೊಂದು ಪದ್ಧತಿ ಮಾಡಿದ. ಎಲ್ಲಾ ಮಾಲೆ ಮುಗಿದು, ಜಗಲಿಯಿಂದ ಅಂಕಮ್ಮ "ಆಯ್ತು ಕಣಪ್ಪೋ" ಅಂತ ಕೂಗುವ ತನಕ ಒಂದು ಬಾಟಲಿಯೂ ಕಿಂಡಿಯಿಂದ ಈಚೆ ಬರುತ್ತಿರಲಿಲ್ಲ. ನಿಂತು ನಿಂತು ಕಾಲು ಸೋತು, ಥೂ ಯಾವನಿಗೆ ಬೇಕು ಅಂತ ಮನೆಗೆ ಹೋಗಿ ಉಂಡು ಮಲಗಿದವರೂ ಉಂಟು. ಹಾಗಾಗಿ ಅಂಗಡಿ ಬಂದ ಮೇಲೆ ನಮ್ಮ ಬೀದಿಯಲ್ಲಿ ಕುಡಿತ ಒಸಿ ಕಡಿಮೆಯೇ ಆಯಿತು ಅನ್ನಬೇಕು. ಮೇಲ್ಪೇಟೆಯವರು ಮೂಗು ಮುರಿದರೆ ಮುರಿಯಲಿ, ನಮಗೆ ಅಷ್ಟು ಉಪಕಾರ ಬೇರೆ ಯಾರಿಂದಲೂ ಆಗಿರಲಿಲ್ಲ.

ಆದರೆ ನಾಚಿಕೆಯೂ ಸವೆಯುತ್ತದೆ. ದಿನಾ ಬಂದು ನಿಲ್ಲುವವರು ಬರಬರುತ್ತಾ ಮಂಕಾದರು. ಮೊದಲು ಮುಖ ಮುಚ್ಚಿಕೊಳ್ಳುತ್ತಿದ್ದವರು ಆಮೇಲೆ ಬೀಡಿ ಸೇದುತ್ತಾ, ಜಗಲಿಯ ಕಡೆ ನೋಡಿ ಹಲ್ಲು ಕಿರಿಯುತ್ತಾ ನಿಂತರು. ಸವೆಯದೆ ಉಳಿದವನು ಒಬ್ಬನೇ, ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವ ಗಿರಿಯಪ್ಪ. ಮದುವೆ ಮನೆಗಳಲ್ಲಿ ಬ್ಯಾಂಡಿನವರಿಗೆ ಊಟಕ್ಕೆ ಮೊದಲು ಕೊಡುತ್ತಿದ್ದ ಗುಟುಕಿನಿಂದ ಹತ್ತಿದ ಚಟ ಅವನದು. ಎಷ್ಟು ವರ್ಷ ಬಂದರೂ ಪ್ರತಿ ಸಂಜೆ ಮೊದಲ ಸಲ ಬಂದವನ ಹಾಗೇ ನಿಲ್ಲುತ್ತಿದ್ದ. ತಲೆ ಎದೆಗೆ ತಾಗುತ್ತಿತ್ತು. ಅವನೊಬ್ಬ ನಿಂತರೆ ಇಡೀ ಜಗಲಿಗೆ ಸಾಕು. "ಗಿರಿಯಣ್ಣನ್ನ ಮಧ್ಯಕ್ಕೆ ಬಿಡ್ರಪ್ಪ" ಅಂತ ಸಾಲಿನವರೇ ಜಾಗ ಮಾಡುತ್ತಿದ್ದರು. ನನಗೆ ಕಣ್ಣು ಮಂಜಾಗಿ ಎಷ್ಟೋ ಕಾಲವಾಯಿತು. ಸೂಜಿಗೆ ದಾರ ಪೋಣಿಸಲು ಹತ್ತು ಸಲ ಎಂಜಲು ಹಚ್ಚಬೇಕು. ಗಿರಿಯಪ್ಪನ ಬೆಳಕಲ್ಲಿ ಮಾತ್ರ ದಾರ ಒಂದೇ ಸಲಕ್ಕೆ ಹೋಗುತ್ತಿತ್ತು.

ಅವನ ಹೆಂಡತಿ ದೇವಾಜಮ್ಮನೂ ಅದೇ ಜಗಲಿಯಲ್ಲಿ ಹೂ ಕಟ್ಟುವವಳು. ಉಳಿದವರೆಲ್ಲ ಸಾಲಿನ ಕಡೆ ಮುಖ ಮಾಡಿ ಕೂತರೆ ಅವಳೊಬ್ಬಳು ಬೆನ್ನು ಮಾಡಿ, ನನ್ನ ಯಂತ್ರದ ಕಡೆ ತಿರುಗಿ ಕೂರುತ್ತಿದ್ದಳು. ಗಂಡನ ಬೆಳಕು ಅವಳ ಹೆಗಲ ಮೇಲಿಂದ ಬಂದು ಮಡಿಲಿನ ಮೊಗ್ಗಿನ ಮೇಲೆ ಬೀಳುತ್ತಿತ್ತು. ಒಂದು ಸಲ ತಲೆ ಎತ್ತದೆಯೇ ನನಗೆ ಹೇಳಿದಳು: "ಗಂಡನ ಮಾನ ಬೀದೀಲಿ ಉರೀತಾ ಅದೆ, ಅದ್ರಲ್ಲಿ ಕೂತು ಹೂ ಕಟ್ತಾ ಇವ್ನಿ ರಾಚಣ್ಣ. ಉಂಡ ಅನ್ನ ಗಂಟಲಲ್ಲಿ ಇಳಿಯಾಕಿಲ್ಲ." ಹೇಳುವಾಗ ಅವಳ ಬೆರಳ ತುದಿಗಳು ಹಳದಿಯಾದವು. ತಕ್ಷಣ ಸೆರಗಿನಡಿ ಎಳೆದುಕೊಂಡಳು.

ಕುಡಿಯದ ಹೊತ್ತಿನಲ್ಲಿ ಗಿರಿಯಪ್ಪನಷ್ಟು ತಮಾಷೆಯ ಮನುಷ್ಯ ಇನ್ನೊಬ್ಬನಿಲ್ಲ. ಮಗಳು ಕೋಮಲಳ ಮದುವೆಯ ಕಥೆಯನ್ನಂತೂ ನಮಗೆ ಸಾಕುಸಾಕೆನ್ನುವಷ್ಟು ಹೇಳಿದ್ದ. "ನಮ್ ಕೋಮಲನಂಥ ಪೆದ್ದಿ ಇನ್ನೊಬ್ಳಿಲ್ಲ ಕಣ್ರಪ್ಪ. ತನ್ ಧಾರೆಯ ಕಳಸ ತಾನೇ ಒದ್ದು ಉರುಳಿಸಿದ್ಲು. ನಾನು ಒಂದ್ ಮೂಲೇಲಿ ಕಣ್ ಮುಚ್ಚಿದ್ದೆ, ಎದ್ರೆ ನನ್ ಪಂಚೆಯೆಲ್ಲಾ ನೀರು! ಬೀಗರ ಮುಂದೇನೇ ಚೆನ್ನಾಗಿ ಉಗಿದೆ ಅವಳಿಗೆ" ಅನ್ನುತ್ತಿದ್ದ. ನಾವು ಪ್ರತಿ ಸಲವೂ ನಗುತ್ತಿದ್ದೆವು. ದೇವಾಜಮ್ಮ ಮಾತ್ರ ಆಗ ಎದ್ದು ಒಳಗೆ ಹೋಗುತ್ತಿದ್ದಳು.

ಈ ಸಲ ಬೇಸಿಗೆ ಹತ್ತುವಾಗ ಗಿರಿಯಪ್ಪನ ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿತು. ಮೇಲ್ಪೇಟೆಯ ಡಾಕ್ಟರು ದೇವಾಜಮ್ಮನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಬಾಯಿಗಿಟ್ಟರೆ ನನ್ನ ಹತ್ತಿರ ಕರಕೊಂಡು ಬರಬೇಡಮ್ಮ, ಬಂದರೂ ಪ್ರಯೋಜನವಿಲ್ಲ ಅಂದರು. ಗಿರಿಯಪ್ಪ ಬಿಟ್ಟ. ನಿಜವಾಗಿಯೂ ಬಿಟ್ಟ. ಕೈ ನಡುಗುತ್ತಾ, ಬೆವರುತ್ತಾ, ಕಂಬಳಿ ಕಚ್ಚಿಕೊಂಡು ಮಲಗಿ ಆ ಕೆಟ್ಟ ದಿನಗಳನ್ನು ದಾಟಿದ. ಆಮೇಲೆ ಒಂದು ಬೆಳಗ್ಗೆ ಅವರ ಹಿತ್ತಲಿನಿಂದ ಕ್ಲಾರಿನೆಟ್ಟಿನ ಸದ್ದು ಬಂತು. ಅವತ್ತು ದೇವಾಜಮ್ಮ ತಾನು ಕಟ್ಟಿದ ಹೂವಿನಲ್ಲಿ ಒಂದು ಮೊಳ ತಾನೇ ಮುಡಿದು ಬೀದಿಗೆ ಬಂದಳು. ಅವಳು ಹೂ ಮುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಮಗೂ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಂಜೆಯಾಗುತ್ತಲೇ ಜಗಲಿ ಕತ್ತಲಾಯಿತು. ಸಾಲಿನಲ್ಲಿ ಉಳಿದವರೆಲ್ಲ ಸೇರಿದರೂ ಮಿಣುಕುಹುಳದಷ್ಟು ಬೆಳಕಿಲ್ಲ. ಮಾಲೆಗಳು ಗಂಟುಗಂಟಾದವು, ಅರ್ಧ ಮೊಗ್ಗು ಬುಟ್ಟಿಯಲ್ಲೇ ಬಿರಿಯಿತು. ನಾನು ಒಬ್ಬರ ಅಂಗಿಗೆ ಇನ್ನೊಬ್ಬರ ತೋಳು ಕೂರಿಸಿ ಬೈಸಿಕೊಂಡೆ. ಮಕ್ಕಳು ಮಗ್ಗಿ ಮರೆತವು. ಕೆಲವು ದಿನ ಹೀಗೇ ಕಳೆಯಿತು. ಅಷ್ಟರಲ್ಲಿ ಗಿರಣಿ ಸಾಹುಕಾರರ ಮಗಳ ಮದುವೆಗೆ ಚಪ್ಪರದ ಹೂವೆಲ್ಲ ಕೆಳಬೀದಿಯದೇ ಅಂತ ಮಾತಾಯಿತು. ಅದು ಕೈ ತಪ್ಪಿದರೆ ಇಡೀ ಮದುವೆಗಾಲ ಬೇರೆ ಊರಿನವರ ಪಾಲು. ಆಗ ಅಂಕಮ್ಮ, ಜವರಪ್ಪ, ನಾನು, ಮೂವರೂ ಗಿರಿಯಪ್ಪನ ಮನೆಗೆ ಹೋದೆವು.

ಬಾಗಿಲಲ್ಲೇ ದೇವಾಜಮ್ಮ ಅಡ್ಡ ನಿಂತಳು. ನಾವು ಯಾಕೆ ಬಂದಿದ್ದೇವೆ ಅಂತ ಅವಳಿಗೆ ಹೇಳಬೇಕಾಗಿರಲಿಲ್ಲ.

"ಅವ್ನು ಕುಡಿಯೋದು ಬ್ಯಾಡ ತಾಯಿ" ಅಂದ ಜವರಪ್ಪ, ಕೈ ಮುಗಿದು. "ಬೆಲ್ಲದ ನೀರು ತುಂಬಿಸಿ ಕೊಡ್ತೀನಿ. ಸುಮ್ನೆ ಬಂದು ಸಾಲಲ್ಲಿ ನಿಂತ್ಕಂಡ್ರೆ ಸಾಕು. ಒಂದೇ ಒಂದು ಸಂಜೆ."

"ನಾಯಿನ ಮತ್ತೆ ಕಟುಕನ ಅಂಗಡಿ ಮುಂದೆ ಕಟ್ಟು ಅಂತೀಯಲ್ಲ ಜವರಣ್ಣ, ನಿಂಗೆ ಮನಸ್ಸಾದ್ರೂ ಹೆಂಗ್ ಬಂತು?" ಅಂದಳು ದೇವಾಜಮ್ಮ.

ಜವರಪ್ಪ ತಲೆ ತಗ್ಗಿಸಿದ. ಒಳಗಿನಿಂದ ಗಿರಿಯಪ್ಪನೇ ಬಂದ. ಇಳಿದುಹೋಗಿದ್ದ, ಆದರೆ ಕಣ್ಣು ಬೆಳ್ಳಗಿತ್ತು. "ಬರ್ತೀನಿ ಕಣಪ್ಪ, ಅದ್ಕೇನಂತೆ? ಇಷ್ಟು ವರ್ಷ ನನ್ನಿಂದ ಬೀದಿಗೆ ಆಗಿದ್ದು ಅದೊಂದೇ ಅಲ್ವಾ" ಅಂತ ನಕ್ಕ. ದೇವಾಜಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಮಾರನೆಯ ಇಳಿಹೊತ್ತಿಗೆ ಗಾಡಿಯಲ್ಲಿ ಮೊಗ್ಗು ಬಂತು. ಮಂಕ್ರಿಗಳು ಜಗಲಿ ತುಂಬಿ ಬೀದಿಗೂ ಇಳಿದವು. ಗಿರಿಯಪ್ಪ ಒಗೆದ ಅಂಗಿ ತೊಟ್ಟು ಬಂದು ಸಾಲಿನ ಮಧ್ಯೆ ನಿಂತ. ದೇವಾಜಮ್ಮ ಎಂದಿನಂತೆ ಬೆನ್ನು ಮಾಡಿ ಕೂತಳು. ಹೊತ್ತು ಮುಳುಗಿತು. ನಾವೆಲ್ಲ ದಾರ ಹಿಡಿದು ಕಾದೆವು. ಬೆಳಕು ಬರಲಿಲ್ಲ.

ಬರುವುದಾದರೂ ಹೇಗೆ? ಅವನು ತಲೆ ಎತ್ತಿ ನಿಂತಿದ್ದ. ಎದುರಿಗೆ ಬಂದವರನ್ನೆಲ್ಲ ಊಟ ಆಯಿತೇ ಅಂತ ಕೇಳುತ್ತಿದ್ದ. ಬೆಲ್ಲದ ನೀರಿಗೆ ಕಾಯುವವನಿಗೆ ಎಂಥ ನಾಚಿಕೆ?

"ಹಿಂಗಲ್ಲ, ಬೈಬೇಕು" ಅಂದಳು ಅಂಕಮ್ಮ. ಶುರು ಅವಳೇ ಮಾಡಿದಳು. ಕುಡುಕ ಅಂದಳು, ಮನೆ ಹಾಳ ಅಂದಳು. ಸಾಲಿನ ಗಂಡಸರೂ ಸೇರಿಕೊಂಡರು. ನಾನೂ ಬಾಯಿಗೆ ಬಂದದ್ದು ಅಂದೆ. ಗಿರಿಯಪ್ಪ ನಗುತ್ತಾ ಕೇಳಿಸಿಕೊಂಡ. "ಇನ್ನೂ ಒಸಿ ಜೋರಾಗಿ ಬೈರಪ್ಪ, ನಂಗೂ ಹತ್ತಬೇಕಲ್ಲ" ಅಂದ. ತಪ್ಪನ್ನು ಬಿಟ್ಟು ಗೆದ್ದು ಬಂದಿದ್ದ ಮನುಷ್ಯ. ಅವನ ಮೈಯಲ್ಲಿ ಕಿಡಿ ಹತ್ತುವ ಜಾಗವೇ ಉಳಿದಿರಲಿಲ್ಲ. ಅಷ್ಟು ಹೊತ್ತಿಗೆ ಕತ್ತಲಲ್ಲಿ ಮಲ್ಲಿಗೆಯ ವಾಸನೆ ಏಳತೊಡಗಿತು. ಮೊಗ್ಗು ಬಾಯಿ ಬಿಡಲು ಹೊರಟರೆ ಮೊದಲು ಬರುವುದು ಆ ವಾಸನೆ. ಹೆಂಗಸರಲ್ಲಿ ಒಬ್ಬಿಬ್ಬರು ಅಳುವುದಕ್ಕೆ ಶುರುಮಾಡಿದರು.

ಆಗ ಆ ಮಾತು ಬಂತು. ಯಾರು ಆಡಿದರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. "ನಿಜವಾದ್ದು ಒಂದು ಗುಟುಕು ಕುಡಿದ್ರೆ ತಾನಾಗೇ ಬರ್ತದೆ. ಒಂದು ದಿವ್ಸಕ್ಕೆ ಏನಾಯ್ತದೆ?"

ನಾನು ಆಡಿದವನಲ್ಲ. ಆದರೆ ಬೇಡ ಅಂತಲೂ ಅನ್ನಲಿಲ್ಲ. ಡಾಕ್ಟರು ಹೇಳಿದ್ದು ನನಗೂ ಗೊತ್ತಿತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಬೇಡ ಅನ್ನಲಿಲ್ಲ. ಜಾಲರಿಯ ಹಿಂದೆ ಜವರಪ್ಪ ಸುಮಾರು ಹೊತ್ತು ಕದಲದೆ ನಿಂತಿದ್ದ. ಆಮೇಲೆ ಒಳಗೆ ಗಾಜಿನ ಸದ್ದಾಯಿತು. ಕಿಂಡಿಯಿಂದ ಅವನ ಕೈ ಈಚೆ ಬಂತು, ಕೈಯಲ್ಲಿ ಬಾಟಲಿ. ಮಾಲೆ ಮುಗಿಯುವ ಮೊದಲು ಆ ಕಿಂಡಿಯಿಂದ ಬಾಟಲಿ ಬಂದದ್ದು ಅದೇ ಮೊದಲು.

ಗಿರಿಯಪ್ಪ ಅದನ್ನು ನೋಡಿದ. ಜಗಲಿಯ ಕಡೆ ನೋಡಿದ, ಅಳುತ್ತಿದ್ದ ಹೆಂಗಸರನ್ನು ನೋಡಿದ. ಯಾರಿಗೂ ಇಲ್ಲ ಅನ್ನಲು ಬಾರದ ಮನುಷ್ಯ. "ಹೋಗ್ಲಿ ಬಿಡಿ, ಒಂದು ಗುಟುಕು ತಾನೆ" ಅಂತ ಕೈ ಚಾಚಿದ.

ದೇವಾಜಮ್ಮ ಎದ್ದು ನಿಂತಳು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಸಾಲಿನ ಕಡೆ ತಿರುಗಿದಳು.

"ಮುಟ್ಟಬ್ಯಾಡ" ಅಂದಳು. ದನಿ ಜೋರಾಗಿರಲಿಲ್ಲ. "ಕೋಮಲ ಅವತ್ತು ಕಳಸ ಉರುಳಿಸಲಿಲ್ಲ."

ಗಿರಿಯಪ್ಪನ ಕೈ ಅಲ್ಲೇ ನಿಂತಿತು.

"ನೀನು ಕುಡಿದು ಚಪ್ಪರದ ಮೂಲೇಲಿ ಬಿದ್ದಿದ್ದೆ. ಬಿದ್ದಲ್ಲೇ ಪಂಚೆ ಒದ್ದೆ ಮಾಡ್ಕಂಡಿದ್ದೆ, ಮಗು ಹಂಗೆ. ಬೀಗರು ಊಟಕ್ಕೆ ಅದೇ ಮೂಲೆ ದಾಟಿ ಬರ್ತಾ ಇದ್ರು. ಅವ್ಳು ಹಸೆಯಿಂದ ಎದ್ದು ಓಡಿ ಬಂದು, ಧಾರೆ ಸೀರೆ ಸೆರಗಲ್ಲಿ ನಿನ್ನ ಒರೆಸಿದ್ಲು. ಆಮೇಲೆ ಕಳಸ ತಂದು ಬೇಕು ಅಂತ್ಲೇ ನಿನ್ನ ಮೇಲೆ ಚೆಲ್ಲಿದ್ಲು. ಅಪಶಕುನದವ್ಳು ಅಂತ ಅತ್ತೆ ಕೈಲಿ ಅನ್ನಿಸ್ಕಂಡ್ಲು. ಎದ್ದ ಮೇಲೆ ನೀನೂ ಉಗಿದೆ. ಇವತ್ತಿಗೂ ಆ ಮನೇಲಿ ಅವಳ ಕೈಲಿ ದೇವರ ದೀಪ ಹಚ್ಚಿಸಾಕಿಲ್ಲ. ಅಪ್ಪಂಗೆ ಮಾತ್ರ ಹೇಳಬ್ಯಾಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕಂಡಿದ್ಲು."

ಮೊದಲು ಅವನ ಕಿವಿ, ಆಮೇಲೆ ಹಣೆ, ಚಾಚಿದ್ದ ಕೈ. ನೋಡನೋಡುತ್ತಿದ್ದಂತೆ ಅವನ ಒಗೆದ ಅಂಗಿಯ ಒಳಗಿನಿಂದಲೂ ಬೆಳಕು ಹೊರಬಂತು. ಎದುರುಸಾಲಿನ ಮನೆಗಳ ಹೆಂಚು, ಕಂಬಕ್ಕೆ ಕಟ್ಟಿದ ಎಮ್ಮೆಗಳ ಕಣ್ಣು, ಮಂಕ್ರಿಯಲ್ಲಿ ಒಂದೊಂದು ಮೊಗ್ಗಿನ ತೊಟ್ಟು, ಎಲ್ಲಾ ಕಂಡವು. ಅಂಥ ಬೆಳಕು ನಮ್ಮೂರಲ್ಲಿ ಯಾರಿಂದಲೂ ಬಂದಿರಲಿಲ್ಲ. ಜವರಪ್ಪನ ಕೈ ಬಾಟಲಿ ಸಮೇತ ಒಳಗೆ ಹೋಯಿತು.

ಇನ್ನು ಮುಂದಿನದನ್ನು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಆದರೂ ಹೇಳಬೇಕು. ನಾವು ಕೆಲಸ ಮಾಡಿದೆವು. ಯಾರೊಬ್ಬರೂ ಎದ್ದು ಹೋಗಿ ಅವನ ಹೆಗಲ ಮೇಲೆ ಕೈ ಇಡಲಿಲ್ಲ, ಒಂದು ಕಂಬಳಿ ಹೊದಿಸಲಿಲ್ಲ. ಹೂವಿನವರು ತಲೆ ಬಗ್ಗಿಸಿ ಕಟ್ಟತೊಡಗಿದರು. ಬೆರಳುಗಳು ಅಷ್ಟು ವೇಗವಾಗಿ ಓಡಿದ್ದನ್ನು ನಾನು ನೋಡಿಲ್ಲ. ನಾನೂ ಯಂತ್ರ ತುಳಿದೆ. ಮಕ್ಕಳನ್ನು ಯಾರೋ ಗದರಿದರು, ಅವೂ ಮಗ್ಗಿ ಹೇಳತೊಡಗಿದವು. ನಿಂತಿದ್ದವರು ಇಬ್ಬರೇ, ಸಾಲಿನಲ್ಲಿ ಗಿರಿಯಪ್ಪ, ಜಗಲಿಯಲ್ಲಿ ದೇವಾಜಮ್ಮ. ಅವಳು ಕೂರಲೂ ಇಲ್ಲ, ಹೂ ಮುಟ್ಟಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಅವನು ಅಳುತ್ತಿದ್ದ. ಓಡಿಹೋಗಬಹುದಾಗಿತ್ತು. ಅಂಗಡಿಯ ಪದ್ಧತಿ ಮೀರಲಿಲ್ಲ, ಮಾಲೆ ಮುಗಿಯುವ ತನಕ ನಿಂತ.

ಕೊನೆಯ ಮಾಲೆ ಮುಗಿಯಿತು. "ಆಯ್ತು ಕಣಪ್ಪೋ" ಅನ್ನಲು ಅಂಕಮ್ಮನಿಗೆ ಬಾಯಿ ಬರಲಿಲ್ಲ.

"ಆಯ್ತಾ ಅಂಕಮ್ಮ?" ಅಂತ ಗಿರಿಯಪ್ಪನೇ ಕೇಳಿದ.

ಅವಳು ತಲೆ ಆಡಿಸಿದಳು. ಅವನು ಸಾಲಿನಿಂದ ಹೊರಬಂದು, ಗೋಡೆ ಹಿಡಿದುಕೊಂಡು, ಮನೆಯ ಓಣಿಗೆ ತಿರುಗಿದ. ಅವನ ಹಿಂದೆ ದೇವಾಜಮ್ಮ ಓಡಿದಳು. ಅವನ ಬೆಳಕು ಓಣಿಯ ಗೋಡೆಯ ಮೇಲೆ ಚಿಕ್ಕದಾಗುತ್ತಾ ಹೋಗಿ ಇಲ್ಲವಾಯಿತು.

ಬೀದಿ ಮಾತ್ರ ಕತ್ತಲಾಗಲಿಲ್ಲ. ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ತಂತಮ್ಮ ಕೈ ನೋಡಿಕೊಂಡೆವು. ಅಂಕಮ್ಮನ ಮುದುಕಿ ಬೆರಳುಗಳು, ಬೀಡಿ ಸೇದುತ್ತಿದ್ದ ಗಂಡಸರ ಕೆನ್ನೆ, ಜಾಲರಿಯ ಹಿಂದೆ ಜವರಪ್ಪನ ಬೋಳು ತಲೆ, ಯಂತ್ರದ ಮೇಲಿದ್ದ ನನ್ನ ಎರಡೂ ಕೈ, ಎಲ್ಲಾ ಒಂದೇ ಸಮನಾಗಿ ಉರಿಯುತ್ತಿದ್ದವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ಎದ್ದು ಮನೆಗೆ ಹೋದೆವು. ಆದರೆ ಹೋದ ಕಡೆಯೆಲ್ಲ ಬೆಳಕೂ ಜೊತೆಗೇ ಬಂತು.

ಸಾಹುಕಾರರ ಮದುವೆ ಚೆನ್ನಾಗಿ ನಡೆಯಿತಂತೆ. ಹೂವನ್ನು ಎಲ್ಲರೂ ಹೊಗಳಿದರಂತೆ. ಜವರಪ್ಪ ಜಾಲರಿಯ ಮುಂದೆ ಗೋಣಿಚೀಲದ ಪರದೆ ಕಟ್ಟಿಸಿದ. ಗಿರಾಕಿಗಳು ಅದರ ಹಿಂದೆ ಹೋಗಿ ಬೇಗ ತೆಗೆದುಕೊಂಡು ಬರುತ್ತಾರೆ, ಯಾರೂ ಕಾಯಬೇಕಾಗಿಲ್ಲ. ಕೆಳಬೀದಿಗೆ ಈಗ ಸಾಲಿನ ಬೆಳಕು ಬೇಕಿಲ್ಲ. ಸಂಜೆ ಜಗಲಿಗೆ ಬಂದು ಕೂತು, ಎದುರಿನ ಆ ಜಾಗ ಕಣ್ಣಿಗೆ ಬಿದ್ದರೆ ಸಾಕು, ನಮ್ಮ ಕೈಗಳೇ ಹತ್ತಿಕೊಳ್ಳುತ್ತವೆ.

ಗಿರಿಯಪ್ಪ ಮಗಳ ಮನೆಗೆ ಹೋಗಿಬಂದ. ಬೀಗರನ್ನೆಲ್ಲ ಕೂರಿಸಿಕೊಂಡು ಅಂದಿನದನ್ನು ತಾನೇ ಬಾಯಿಬಿಟ್ಟು ಹೇಳಿದನಂತೆ. ಹೇಳಿ ಮುಗಿಸುವಾಗ ಅವನ ಮೈ ಪೂರ್ತಿ ಆರಿತ್ತಂತೆ. ಕೋಮಲ ಆ ಸಂಜೆಯೇ ದೇವರ ದೀಪ ಹಚ್ಚಿದಳು ಅಂತ ದೇವಾಜಮ್ಮ ಹೇಳಿದಳು. ಈಗ ಗಿರಿಯಪ್ಪ ಸಂಜೆ ಹೊತ್ತು ಹೆಂಡತಿಯ ಪಕ್ಕ ಕೂತು ಮೊಗ್ಗು ಆರಿಸಿ ಕೊಡುತ್ತಾನೆ. ಆಣೆ ಮುರಿದದ್ದಕ್ಕೋ ಏನೋ, ಅವಳ ಕೈ ಇನ್ನೂ ಬೆಳಗುತ್ತದೆ, ಅವನು ಆ ಬೆಳಕಿನಲ್ಲೇ ಆರಿಸುತ್ತಾನೆ. ಜಗಲಿಯಲ್ಲಿ ಕತ್ತಲಿರುವುದು ಅವನೊಬ್ಬನ ಮುಖದ ಮೇಲೆ.

ನಿನ್ನೆ ಸಂಜೆ ನನ್ನ ದಾರ ತುಂಡಾಯಿತು. ಅವನು ಕತ್ತು ಚಾಚಿ ಕೇಳಿದ, "ಕಾಣ್ತದಾ ರಾಚಣ್ಣ? ಕೊಡು, ನಾನು ಪೋಣಿಸಿಕೊಡ್ತೀನಿ." ಅವನ ದನಿಯಲ್ಲಿ ಕಹಿಯ ಒಂದು ಚೂರೂ ಇರಲಿಲ್ಲ. ನನ್ನ ಕೈ ಇನ್ನಷ್ಟು ಹೊತ್ತಿಕೊಂಡಿತು. ಬೇಡಪ್ಪ, ಕಾಣ್ತದೆ ಅಂದು ತಲೆ ಬಗ್ಗಿಸಿ ಸೂಜಿ ಹಿಡಿದೆ. ದಾರ ಒಂದೇ ಸಲಕ್ಕೆ ಹೋಯಿತು.